ಮದ್ದಿನ ಮನೆಯ ಉಡುಪು

ಮಾನವನ್ನು ಮುಚ್ಚುವುದಕ್ಕೆ, ಚಳಿಮಳೆಗಳನ್ನು ತಡೆಯುವುದಕ್ಕೆ, ಪದವಿಯನ್ನು ತೋರುವುದಕ್ಕೆ ಮನುಷ್ಯನು ಬಟ್ಟೆಯನ್ನು ಉಡುತ್ತಾನೆ. ಈ ಮೂರು ಪ್ರಯೋಜನಗಳೂ ಲೋಕವಿದಿತವಾದುವು. ಇವುಗಳ ಜೊತೆಗೆ ನಾಲ್ಕನೆಯದೊಂದುಂಟು. ಅದು ಉಟ್ಟವನನ್ನು ಹೊರಗಿನ ಅಪಾಯದಿಂದ ಕಾಪಾಡುವುದಲ್ಲ. ಉಟ್ಟವನ ಮೈಯಿಂದಲೇ ಹುಟ್ಟಬಹುದಾದ ಅಪಾಯದಿಂದ ಅವನನ್ನೂ ಅವನ ಜೊತೆಗಾರರನ್ನೂ ಕಾಪಾಡುವುದು. ಸಿಡಿಮದ್ದಿನ ಕಾರ್ಖಾನೆಗಳಲ್ಲಿ, ಪೆಟ್ರೋಲಿಯಮನ್ನು ಶುದ್ಧಿಮಾಡುವ ಸ್ಥಾನಗಳಲ್ಲಿ, ಹೊತ್ತಿಕೊಳ್ಳುವ ಆವಿಗಳ ನಡುವೆ ದುಡಿಯುವವರಿಗೆ ಈ ಕಾಲದಲ್ಲಿ ಕೊಡುವ ವಿಶೇಷವಾದ ಉಡುಪಿನ ಉದ್ದೇಶವು ಇದೇ. ಕಣ್ಣಿಗೆ ಕಾಣದ, ಹಲವು ವೇಳೆ ಮೈಗೂ ತಿಳಿಯದ ಒಂದು ವಿದ್ಯುತ್ಕಿಡಿಯನ್ನು ಹುಟ್ಟಗೊಡದಿರುವುದೇ ಅದರ ಕೆಲಸ. ಹೀಗೆ ಅಲ್ಪವಾಗಿ ತೋರುವ ಈ ಕಾರ್ಯಕ್ಕೆ ತಕ್ಕ ಬಟ್ಟೆಯನ್ನು ನೆಯ್ಯುವುದಕ್ಕೆ ಮನುಷ್ಯಜಾತಿಗೆ ಎರಡು ಶತಮಾನಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಆ ಕಥೆಯು ಅರಿಯತಕ್ಕುದಾಗಿದೆ.

ಕನ್ನಡನಾಡಿಗೆ ಮದ್ದಿನ ಮನೆಯು ಹೊಸದಲ್ಲ. ಹಳೆಯ ಕೋಟೆಗಳಲ್ಲಿ ಅದಕ್ಕೆಂದು ಬೇರೆ ಕಟ್ಟಡವಿರುತ್ತಿದ್ದಿತು. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ದೊಡ್ಡ ಕಲ್ಲುಗಳನ್ನು ಈಗಲೂ ನೋಡಬಹುದು. ಕೋಲಾರದ ಚಿನ್ನದ ಗಣಿಗಳಲ್ಲಿ, ೨೦೦೧ರಲ್ಲಿ ಕೆಲಸವು ನಿಲ್ಲುವವರೆಗೂ, ಭೂಗರ್ಭದ ಬಂಡೆಯನ್ನು ಒಡೆದುದು ಸಿಡಿಮದ್ದೇ. ಆದರೆ ಮದ್ದಿನ ಮನೆಯೊಳಕ್ಕೆ ಹೋಗುವವನು ಏನನ್ನು ಉಡಬೇಕು, ಏನನ್ನು ತೊಡಬೇಕೆಂಬುದನ್ನು ಕುರಿತು ಲಿಖಿತವಾದ ಕಟ್ಟಳೆಗಳು ಬೆಳೆದು ಬಂದುದನ್ನು ತಿಳಿಯಬೇಕಾದರೆ ಇಂಗ್ಲೆಂಡು, ಅಮೆರಿಕಗಳ ಕಾರ್ಖಾನೆಗಳ ಕಡೆಗೆ ದೃಷ್ಟಿಯನ್ನು ತಿರುಗಿಸಬೇಕಾಗುತ್ತದೆ.

ಗಂಧಕ, ಇದ್ದಲು, ಪೆಟ್ಲುಪ್ಪುಗಳನ್ನು ಬೆರಸಿ ಅರೆದು ಮಾಡುವ ಕೋವಿಮದ್ದಿಗೆ ಮೂರು ಶತ್ರುಗಳುಂಟೆಂದು ಹಿಂದಿನವರು ಬಲ್ಲವರಾಗಿದ್ದರು: ಬೆಂಕಿ, ಕಬ್ಬಿಣ, ಮರಳು. ಕಬ್ಬಿಣವು ಕಲ್ಲಿಗೆ ತಾಕಿದರೆ ಕಿಡಿ ಹಾರುತ್ತದೆ. ಮೆಟ್ಟಿನಡಿಯಲ್ಲಿ ಸಿಕ್ಕಿದ ಮರಳಿನ ಹರಳೊಂದು ಮದ್ದಿನ ಧೂಳಿನ ಮೇಲೆ ಉಜ್ಜಿದರೂ ಅನರ್ಥವಾಗಬಹುದು. ಆದುದರಿಂದ ಪೀಪಾಯಿಗಳಿಗೆ ಮರದ ಇಲ್ಲವೆ ತಾಮ್ರದ ಬಳೆಗಳನ್ನು ಹಾಕುತ್ತಿದ್ದರು; ಸಲಕರಣೆಗಳನ್ನು ಮರ, ತಾಮ್ರ, ಹಿತ್ತಾಳೆಗಳಿಂದ ಮಾಡುತ್ತಿದ್ದರು. ೧೮೦೨ರಲ್ಲಿ ಅಮೆರಿಕದ ಬ್ರ್ಯಾಂಡಿವೈನ್ ಹೊಳೆಯ ದಡದಲ್ಲಿ ಡ್ಯೂಪಾಂಟ್ ಮನೆತನದವರು ಸ್ಥಾಪಿಸಿದ ಮದ್ದಿನ ಕಾರ್ಖಾನೆಯಲ್ಲಿ ಕೆಲಸಗಾರರ ಮೆಟ್ಟುಗಳಿಗೆ ಕಬ್ಬಿಣದ ಮೊಳೆಗಳ ಬದಲು ಮರದ ಬೆಣೆಗಳನ್ನು ಹೊಡೆಯುತ್ತಿದ್ದರು. ಬಟ್ಟೆಗಳಿಗೆ ಜೇಬುಗಳಾಗಲಿ ಲೋಹದ ಗುಂಡಿಗಳಾಗಲಿ ಇರುತ್ತಿರಲಿಲ್ಲ. ಅಲ್ಲಿ ಸಿಡಿತದಿಂದ ಮಡಿದವನನ್ನು ಕುರಿತು ‘ಹೊಳೆಯನ್ನು ದಾಟಿಹೋದ’ನೆಂದು ಜೊತೆಗಾರರು ಹೇಳುತ್ತಿದ್ದರಂತೆ. ಆ ಮಾತು ರೂಢಿಯಾಗಬೇಕಾದರೆ ಅಂತಹ ಮರಣಗಳು ಎಷ್ಟು ಪರಿಚಿತವಾಗಿದ್ದುವೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ಇಂಗ್ಲೆಂಡಿನಲ್ಲಿ ವಾಲ್ತಮ್ ಆಬಿ ಎಂಬ ಊರಿನ ಮದ್ದಿನ ಕಾರ್ಖಾನೆಯನ್ನು ಸರ್ಕಾರವು ೧೭೮೭ರಲ್ಲಿ ಕೊಂಡುಕೊಂಡಿತು. ಇಂತಹ ಕಾರ್ಖಾನೆಗಳಲ್ಲಿ ಬಟ್ಟೆ ಬದಲಿಸುವ ಮನೆಯೆಂದು ಒಂದು ಬೇರೆಯ ಕಟ್ಟಡವಿರುವುದು ವಾಡಿಕೆಯಾಯಿತು. ಅದರ ನಡುವೆ ಒಂದು ಗೆರೆ ಅಥವಾ ತಡೆಹಲಗೆ. ಇತ್ತ ಕಡೆಯದು ‘ಕೊಳೆ’, ಅತ್ತ ಕಡೆಯದು ‘ಮಡಿ’. ಕೆಲಸಗಾರನು ಇತ್ತ ಕಡೆಯಲ್ಲಿ ತನ್ನ ಮನೆಯ ಬಟ್ಟೆಯನ್ನೂ ಮೆಟ್ಟನ್ನೂ ಕಳಚಿಟ್ಟು, ಗೆರೆಯನ್ನು ದಾಟಿ, ಅತ್ತ ಕಡೆಯಲ್ಲಿ ಕಾರ್ಖಾನೆಯ ಉಡುಪನ್ನೂ ಮೆಟ್ಟನ್ನೂ ಧರಿಸಬೇಕು. ದೇವರ ಮನೆಗೂ ಅಡಿಗೆಯ ಮನೆಗೂ ಮಡಿಯನ್ನು ಬಲ್ಲ ಜನಕ್ಕೆ ಈ ಏರ್ಪಾಡು ವಿಚಿತ್ರವಾಗಿ ಕಾಣದು. ಇಲ್ಲಿ ಮಡಿಯು ಕೆಟ್ಟರೆ ಪ್ರಾಯಶ್ಚಿತ್ತಕ್ಕೆ ಅವಕಾಶವಿಲ್ಲವೆಂಬುದೊಂದೇ ವ್ಯತ್ಯಾಸ.

ಈ ವಾಡಿಕೆಯು ಕಾನೂನಾಗುವುದಕ್ಕೆ ಕೆಲವು ದುರಂತಗಳು ಬೇಕಾದುವು. ೧೮೭೧ರಲ್ಲಿ ಸ್ಟೋಮಾರ್ಕೆಟ್ ಎಂಬಲ್ಲಿ ಸಿಡಿಹತ್ತಿಯ ಕಾರ್ಖಾನೆಯು ಸಿಡಿದು ಹಾಳಾಯಿತು. ೧೮೭೪ರ ಅಕ್ಟೋಬರ್ ೨ರ ಬೆಳಗಿನ ಜಾವದಲ್ಲಿ ಲಂಡನ್ನಿನ ರೀಜೆಂಟ್ಸ್ ಕಾಲುವೆಯಲ್ಲಿ ಕೋವಿಮದ್ದನ್ನೂ ಪೆಟ್ರೋಲಿಯಮನ್ನೂ ಹೇರಿಕೊಂಡು ಹೋಗುತ್ತಿದ್ದ ದೋಣಿಯೊಂದು ಸೇತುವೆಯ ಕೆಳಗೆ ಸಿಡಿದು, ಅದರಲ್ಲಿದ್ದ ಮೂವರೂ ಸತ್ತರು; ಸೇತುವೆಯು ಮುರಿದುಬಿದ್ದಿತು. ಮಾರನೆಯ ವರ್ಷವೇ, ಎಂದರೆ ೧೮೭೫ರಲ್ಲಿ, ಪಾರ್ಲಿಮೆಂಟು ಸಿಡಿಮದ್ದಿನ ಕಾನೂನನ್ನು ಮಾಡಿತು. ಅಪಾಯದ ಕಟ್ಟಡದೊಳಕ್ಕೆ ಬೆಂಕಿಯೂ ಬೆಂಕಿಕಡ್ಡಿಯೂ ಹೋಗದಂತೆ, ಕಬ್ಬಿಣ, ಉಕ್ಕು, ಮರಳುಗಳು ಮದ್ದಿಗೆ ಸೋಂಕದಂತೆ, ಜೇಬುಗಳಿಲ್ಲದ ಕೆಲಸದ ಬಟ್ಟೆ, ತಕ್ಕ ಮೆಟ್ಟುಗಳು, ಮೈಶೋಧನೆ ಇವುಗಳ ಮೂಲಕ ಏರ್ಪಾಡು ಮಾಡಬೇಕೆಂದು ಅದು ವಿಧಿಸಿತು. ಇಂಡಿಯಾ ದೇಶಕ್ಕೂ ೧೮೮೪ರಲ್ಲಿ ಸಿಡಿಮದ್ದಿನ ಕಾನೂನೊಂದಾಯಿತು.

ಇಂಗ್ಲೆಂಡಿನ ಆ ಕಾನೂನಿನಲ್ಲಿ ಇನ್ನೊಂದು ವಿಧಿಯೂ ಇದ್ದಿತು. ಅಪಾಯದ ಕಟ್ಟಡಗಳಿಗೆ ಸಿಡಿಲನ್ನು ಭೂಮಿಗೆ ಇಳಿಸುವ ಲೋಹದ ಸಲಾಕೆಯನ್ನು ಹಾಕಬೇಕೆಂಬುದೇ ಅದು. ಕಟ್ಟಡದ ನೆತ್ತಿಯ ಮೇಲೆ ಎರಗುವ ವಿದ್ಯುತ್ತನ್ನು ಶಾಸನಕಾರರು ಕಂಡಿದ್ದರು. ಕಟ್ಟಡದೊಳಗೆ ನಡೆದಾಡುವ ಮನುಷ್ಯನ ಮೈಯಲ್ಲಿ ಕೂಡಿಕೊಳ್ಳುವ ವಿದ್ಯುತ್ತಿನ ಮಾತು ಅಲ್ಲೆಲ್ಲಿಯೂ ಇಲ್ಲ. ಅದು ಯಾರಿಗೂ ತಿಳಿಯದ ಸಂಗತಿಯಾಗಿದ್ದಿತೆ? ಹಾಗಲ್ಲ. ವಿದ್ವಾಂಸರಿಗೆ ಅದು ನೂರು ವರ್ಷಗಳ ಹಿಂದೆಯೇ ತಿಳಿದಿದ್ದಿತು.

ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುವ ಅಂಬರ್ ಎಂಬ ಶಿಲಾರಾಳವನ್ನು ಗ್ರೀಕರು ಬಹು ಪ್ರಾಚೀನಕಾಲದಲ್ಲಿಯೇ ಬಲ್ಲವರಾಗಿದ್ದರು. ಸಂಸ್ಕೃತದಲ್ಲಿ ಅದನ್ನು ತೃಣಮಣಿಯೆಂದು ಕರೆದುದೂ ಈ ಗುಣದಿಂದಲೇ. ೧೭೨೯ರಲ್ಲಿ ಸ್ಟೀಫನ್ ಗ್ರೇ ಎಂಬ ಆಂಗ್ಲೇಯನು ಈ ಶಕ್ತಿಯು ಕೆಲವು ವಸ್ತುಗಳಲ್ಲಿ ಹರಿಯುತ್ತದೆ, ರೇಷ್ಮೆಯಂತಹ ಕೆಲವು ವಸ್ತುಗಳಲ್ಲಿ ಹರಿಯದೆ ನಿಲ್ಲುತ್ತದೆಯೆಂದು ಕಂಡುಕೊಂಡನು. ಮಾರನೆಯ ವರ್ಷ ಅವನು ಹುಡುಗನೊಬ್ಬನನ್ನು ದಾರಗಳಿಂದ ತೂಗಹಾಕಿ, ಅವನ ಮೈಗೆ ವಿದ್ಯುತ್ತನ್ನು ಊಡಿ, ಮನುಷ್ಯನ ದೇಹವು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳಬಲ್ಲುದೆಂದು ತೋರಿಸಿದನು. ೧೭೪೪ರಲ್ಲಿ ಬರ್ಲಿನ್ನಿನಲ್ಲಿ ಲುಡಾಲ್ಫ್ ಎಂಬವನು ವಿದ್ಯುತ್ಕಿಡಿಯಿಂದ ಈಥರಿನ ಆವಿಯನ್ನು ಹೊತ್ತಿಸಿದನು. ಮುಂದೆ ಕೆಲವೇ ವರ್ಷಗಳಲ್ಲಿ ಅಮೆರಿಕದ ಬೆಂಜಮಿನ್ ಫ್ರ್ಯಾಂಕ್ಲಿನ್ನನು ಕೋವಿಮದ್ದನ್ನೇ ವಿದ್ಯುತ್ತಿನಿಂದ ಸಿಡಿಸಿದನು.

ಇವೆಲ್ಲಕ್ಕಿಂತ ಪ್ರಕೃತವಿಷಯಕ್ಕೆ ಹತ್ತಿರವಾದುದು ರಾಬರ್ಟ್ ಸಿಮ್ಮರನ ಕಾಲುಚೀಲಗಳ ಪ್ರಸಂಗ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲಸಿದ್ದ ಈತನು ಬಿಳಿಯ ಮತ್ತು ಕರಿಯ ರೇಷ್ಮೆಯ ಕಾಲುಚೀಲಗಳನ್ನು ಒಂದರ ಮೇಲೊಂದು ತೊಡುತ್ತಿದ್ದನು. ರಾತ್ರಿ ಅವುಗಳನ್ನು ಕಳಚುವಾಗ ಚಟಚಟನೆ ಸದ್ದಾಗುತ್ತಿದ್ದಿತು. ಕತ್ತಲೆಯಲ್ಲಿ ಕಿಡಿಗಳು ಕಾಣುತ್ತಿದ್ದುವು. ಎರಡನ್ನೂ ಒಟ್ಟಿಗೆ ಕಳಚಿದರೆ ವಿಶೇಷವೇನೂ ತೋರುತ್ತಿರಲಿಲ್ಲ. ಒಂದರೊಳಗಿಂದ ಇನ್ನೊಂದನ್ನು ಎಳೆದು ಬೇರೆಮಾಡಿದೊಡನೆ ಎರಡೂ ಒಳಗೆ ಕಾಲಿದ್ದಂತೆಯೇ ಉಬ್ಬಿಕೊಳ್ಳುತ್ತಿದ್ದುವು. ಕರಿಯದು ಬಿಳಿಯದನ್ನು ಸೆಳೆಯುತ್ತಿದ್ದಿತು, ಬಿಳಿಯದು ಬಿಳಿಯದನ್ನು ದೂಡುತ್ತಿದ್ದಿತು. ೧೭೫೯ರಲ್ಲಿ ಅವನು ಈ ವೃತ್ತಾಂತವನ್ನು ರಾಯಲ್ ಸೊಸೈಟಿಯ ಮುಂದಿಟ್ಟು, ವಿದ್ಯುತ್ತು ಎರಡು ಬಗೆಯಾದುದೆಂದು ವಾದಿಸಿದನು. ಕಾಲುಚೀಲಗಳಿಂದ ತತ್ತ್ವವನ್ನು ಹೊರಡಿಸಿದವನೆಂದು ಕೆಲವರು ಅವನನ್ನು ಪರಿಹಾಸ್ಯಮಾಡಿದರು. ಆದರೆ ಉಟ್ಟ ಬಟ್ಟೆಯೇ ವಿದ್ಯುದ್ಯಂತ್ರವಾಗಬಲ್ಲುದೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಾಗಿರಲಿಲ್ಲ.

ಇದೇ ಕಾಲದಲ್ಲಿ ಮದ್ದಿನ ಮನೆಗೂ ವಿದ್ಯುಚ್ಛಾಸ್ತ್ರಕ್ಕೂ ಒಂದು ಭೇಟಿಯಾಯಿತು. ೧೭೬೯ರಲ್ಲಿ ಇಟಲಿಯ ಬ್ರೆಷಾ ನಗರದಲ್ಲಿ ಮದ್ದನ್ನು ತುಂಬಿದ್ದ ಕಟ್ಟಡಕ್ಕೆ ಸಿಡಿಲೆರಗಿ ಊರಿನ ಒಂದು ಭಾಗವು ನೆಲಸಮವಾಯಿತು. ಇದರಿಂದ ಎಚ್ಚೆತ್ತ ಇಂಗ್ಲೆಂಡಿನ ಸರ್ಕಾರವು ಥೇಮ್ಸ್ ನದಿಯ ದಡದ ಪರ್‌ಫ್ಲೀಟಿನ ಮದ್ದಿನ ಮನೆಗಳನ್ನು ಕಾಪಾಡುವ ಉಪಾಯವೇನೆಂದು ರಾಯಲ್ ಸೊಸೈಟಿಯನ್ನು ಕೇಳಿತು. ೧೭೭೨ರಲ್ಲಿ ಫ್ರ್ಯಾಂಕ್ಲಿನ್, ಕ್ಯಾವೆಂಡಿಷ್ ಮೊದಲಾದವರ ಸಮಿತಿಯೊಂದು ಚೂಪಾದ ಮೊನೆಯುಳ್ಳ ಸಲಾಕೆಗಳನ್ನು ನಿಲ್ಲಿಸಬೇಕೆಂದು ಹೇಳಿತು. ಮೊನೆಯು ಮೋಡದ ವಿದ್ಯುತ್ತನ್ನು ಸದ್ದಿಲ್ಲದೆ ಹೀರಿ ಭೂಮಿಗೆ ಇಳಿಸುವುದೆಂಬುದು ಫ್ರ್ಯಾಂಕ್ಲಿನ್ನನ ನಂಬಿಕೆ. ಬೆಂಜಮಿನ್ ವಿಲ್ಸನ್ ಎಂಬ ಸದಸ್ಯನೊಬ್ಬನು ಇದನ್ನೊಪ್ಪಲಿಲ್ಲ. ಚೂಪು ಮೊನೆಯು ಸಿಡಿಲನ್ನು ಕರೆಯುತ್ತದೆ, ಆದುದರಿಂದ ಮೊಂಡಾದ ತುದಿಯೇ ಲೇಸೆಂದು ಹಟಹಿಡಿದನು. ೧೭೭೭ರಲ್ಲಿ ಪರ್‌ಫ್ಲೀಟಿನ ಒಂದು ಕಟ್ಟಡಕ್ಕೆ ಸಿಡಿಲು ಹೊಡೆದು ಅಲ್ಪಸ್ವಲ್ಪ ಹಾನಿಯಾಗಲು ವಿವಾದವು ಮತ್ತೆ ಕೆರಳಿತು. ಈ ಮೊನೆಯ ಮಾತನ್ನು ಓದುಗರು ನೆನಪಿನಲ್ಲಿಡುವುದು ಒಳ್ಳೆಯದು; ಕಥೆಯ ಕೊನೆಯಲ್ಲಿ ಅದು ಮತ್ತೆ ಬರುತ್ತದೆ.

ಹೀಗೆ ಬಟ್ಟೆಯಿಂದ ಕಿಡಿ ಹುಟ್ಟುವುದೆಂಬುದೂ, ಕಿಡಿಯಿಂದ ಆವಿ ಹೊತ್ತುವುದೆಂಬುದೂ ಹದಿನೆಂಟನೆಯ ಶತಮಾನದಲ್ಲಿಯೇ ಗೊತ್ತಾಗಿದ್ದರೂ, ಎರಡನ್ನೂ ಜೊತೆಗೂಡಿಸಿ ಕೆಲಸಗಾರನ ಕಡೆಗೆ ನೋಡಿದವರಿರಲಿಲ್ಲ. ಕೋವಿಮದ್ದು ಮೈಯಿಂದ ಹೊರಡುವ ಸಣ್ಣ ಕಿಡಿಗೆ ಸುಲಭವಾಗಿ ಹೊತ್ತಿಕೊಳ್ಳತಕ್ಕ ವಸ್ತುವಲ್ಲವೆಂಬುದು ಇದಕ್ಕೆ ಒಂದು ಕಾರಣ. ಶಾಸ್ತ್ರವು ಪಂಡಿತರ ಕೊಠಡಿಯಲ್ಲಿಯೂ ಕಟ್ಟಳೆಯು ಕಾರ್ಖಾನೆಯ ಬಾಗಿಲಿನಲ್ಲಿಯೂ ಬೇರೆಬೇರೆಯಾಗಿ ಉಳಿದುದು ಇನ್ನೊಂದು ಕಾರಣ.

ಎರಡೂ ಸೇರಿದುದು ಯುದ್ಧಸಾಮಗ್ರಿಯ ಕಾರ್ಖಾನೆಯಲ್ಲಲ್ಲ, ಬಟ್ಟೆಯೊಗೆಯುವ ಅಂಗಡಿಯಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಲ್ಲಿ ಉಣ್ಣೆ ರೇಷ್ಮೆಗಳನ್ನು ನೀರಿಲ್ಲದೆ ಬೆಂಜೈನ್ ಎಂಬ ಎಣ್ಣೆಯಲ್ಲಿ ಅದ್ದಿ ಶುಚಿಮಾಡುವ ಕಸಬು ಬೆಳೆಯಿತು. ಈ ಅಂಗಡಿಗಳಲ್ಲಿ ದೀಪವಿಲ್ಲದಿದ್ದರೂ ಒಲೆಯಿಲ್ಲದಿದ್ದರೂ ಫಕ್ಕನೆ ಬೆಂಕಿ ಹತ್ತಿ ಕೆಲಸಗಾರರು ಸುಟ್ಟುಕೊಳ್ಳುತ್ತಿದ್ದರು. ಯಾರೋ ಬೆಂಕಿಕಡ್ಡಿಯನ್ನು ಗೀರಿರಬೇಕೆಂಬುದೇ ಸಾಮಾನ್ಯವಾದ ಊಹೆ. ಜರ್ಮನಿಯ ರಸಾಯನಶಾಸ್ತ್ರಜ್ಞನಾದ ಎಂ. ಎಂ. ರಿಕ್ಟರನು ಇದನ್ನು ಪರೀಕ್ಷಿಸಿ, ಉಣ್ಣೆಯ ಬಟ್ಟೆಯನ್ನು ಎಣ್ಣೆಯಿಂದ ಮೇಲೆತ್ತುವಾಗ ವಿದ್ಯುತ್ತು ಕೂಡುವುದೆಂದೂ, ಒಣಹವೆಯ ದಿನಗಳಲ್ಲಿ ಅದರ ಕಿಡಿಯೇ ಬೆಂಜೈನಿನ ಆವಿಯನ್ನು ಹೊತ್ತಿಸುವುದೆಂದೂ ೧೮೯೩ರಲ್ಲಿ ಪ್ರಕಟಿಸಿದನು. ಎಣ್ಣೆಗೆ ಮೆಗ್ನೀಸಿಯಮಿನ ಒಂದು ಸಾಬೂನನ್ನು ಸ್ವಲ್ಪ ಬೆರಸಿದರೆ ವಿದ್ಯುತ್ತು ನಿಲ್ಲದೆ ಹರಿದುಹೋಗುವುದೆಂಬ ಉಪಾಯವನ್ನೂ ಅವನು ಕಂಡುಹಿಡಿದನು. ದುಡಿಯುವವನ ಅಜಾಗರೂಕತೆಯೆಂದು ಎಣಿಸಿದ್ದ ತಪ್ಪು ವಸ್ತುವಿನ ಸ್ವಭಾವದಲ್ಲಿದ್ದಿತೆಂದು ಆಗ ತಿಳಿದುಬಂದಿತು.

ಈ ವಿದ್ಯುತ್ತಿನ ಬಗೆಯನ್ನು ಇಲ್ಲಿ ಕೊಂಚ ವಿವರಿಸುವುದು ಅಗತ್ಯ. ಎರಡು ವಸ್ತುಗಳು ಒಂದನ್ನೊಂದು ಮುಟ್ಟಿ ಬೇರೆಯಾದಾಗ ಒಂದರಲ್ಲಿ ಧನವಿದ್ಯುತ್ತೂ ಇನ್ನೊಂದರಲ್ಲಿ ಋಣವಿದ್ಯುತ್ತೂ ಉಳಿಯುತ್ತವೆ. ವಸ್ತುವು ವಾಹಕವಾಗಿ ಭೂಮಿಗೆ ಸಂಬಂಧಪಟ್ಟಿದ್ದರೆ ಅದು ಹರಿದುಹೋಗುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ಮನುಷ್ಯನ ದೇಹವು ವಾಹಕ; ಆದರೆ ಅವನ ಮೆಟ್ಟಿನ ಅಡಿಯು ಅವಾಹಕವಾದರೆ ದೇಹವು ಮುಚ್ಚಿದ ಕೊಡದಂತೆ ವಿದ್ಯುತ್ತನ್ನು ತುಂಬಿಕೊಳ್ಳುತ್ತದೆ. ಒಣಹವೆಯಲ್ಲಿ ಜಮಖಾನೆಯ ಮೇಲೆ ನಾಲ್ಕು ಹೆಜ್ಜೆ ನಡೆದು, ಉಣ್ಣೆಯ ಅಂಗಿಯೊಂದನ್ನು ಕಳಚಿದರೆ ಹತ್ತು ಸಾವಿರ ವೋಲ್ಟುಗಳು ಕೂಡಬಹುದು. ಪರಿಮಾಣವು ಅತ್ಯಲ್ಪವಾದುದರಿಂದ ಮನುಷ್ಯನಿಗೆ ಕೇಡಿಲ್ಲ. ಬಾಗಿಲ ಚಿಲಕವನ್ನು ಮುಟ್ಟಿದಾಗ ಬೆರಳಿಗೆ ಚುರುಕ್ಕೆನ್ನುವುದಷ್ಟೆ. ಮೂರು ಸಾವಿರ ವೋಲ್ಟುಗಳ ಒಳಗಾದರೆ ಆ ಚುರುಕೂ ಸಾಧಾರಣವಾಗಿ ತಿಳಿಯದು. ಆದರೆ ಪೆಟ್ರೋಲಿನ ಆವಿಯು ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತಿರುವಾಗ ಅದನ್ನು ಹೊತ್ತಿಸಲು ಬೇಕಾದ ಶಕ್ತಿಯು ಸುಮಾರು ಹತ್ತು ಸಾಸಿವೆಕಾಳುಗಳನ್ನು ಮೂರಡಿ ಮೇಲಕ್ಕೆ ಎತ್ತುವಷ್ಟು ಮಾತ್ರ. ಜಲಜನಕಕ್ಕೆ ಒಂದು ಸಾಸಿವೆಕಾಳನ್ನು ಎತ್ತುವಷ್ಟು ಸಾಕು. ಮೈಯಲ್ಲಿ ಎರಡು ಸಾವಿರ ವೋಲ್ಟುಗಳಿದ್ದರೂ ಅದರ ಕಿಡಿಯಲ್ಲಿ ಪೆಟ್ರೋಲಿನ ಆವಿಗೆ ಸಾಲುವಷ್ಟು ಶಕ್ತಿಯಿರುತ್ತದೆ. ಎಂದರೆ, ಅಪಾಯವು ಸಂಭವಿಸುವ ಕ್ಷಣದಲ್ಲಿ ಅದಕ್ಕೆ ಕಾರಣನಾದವನಿಗೆ ತಾನು ಏನನ್ನಾದರೂ ಮಾಡಿದೆನೆಂಬ ಅರಿವೇ ಇರುವುದಿಲ್ಲ.

ಅಷ್ಟು ಹೊತ್ತಿಗೆ ಮದ್ದುಗಳ ಸ್ವಭಾವವೂ ಬದಲಾಗಿದ್ದಿತು. ೧೮೦೦ರಲ್ಲಿ ಎಡ್ವರ್ಡ್ ಹಾವರ್ಡನು ಪಾದರಸದ ಫಲ್ಮಿನೇಟನ್ನೂ, ೧೮೯೧ರಲ್ಲಿ ಕರ್ಟಿಯಸ್ಸನು ಸೀಸದ ಅಜೈಡನ್ನೂ ಲೋಕಕ್ಕೆ ತಿಳಿಸಿದರು. ಇತರ ಮದ್ದುಗಳನ್ನು ಸಿಡಿಸುವ ಕೇಪುಗಳಲ್ಲಿ ತುಂಬುವ ಇಂತಹ ಮದ್ದುಗಳಿಗೆ ಮೈಯಲ್ಲಿ ಕೂಡುವ ವಿದ್ಯುತ್ತಿನ ಅಲ್ಪಾಂಶವೇ ಸಾಕು. ಎರಡು ಮಹಾಯುದ್ಧಗಳಲ್ಲಿಯೂ ಇವುಗಳ ನಡುವೆ ಹೆಂಗಸರು ಅಪಾರ ಸಂಖ್ಯೆಯಲ್ಲಿ ದುಡಿದರು. ಮನೆಯ ಬಟ್ಟೆಯನ್ನು ಬಿಟ್ಟು ಕಾರ್ಖಾನೆಯ ನಿಲುವಂಗಿಯನ್ನು ತೊಡುವುದು, ಕೂದಲಿನ ಲೋಹದ ಪಿನ್ನುಗಳನ್ನು ತೆಗೆದು ಟೋಪಿಯೊಳಗೆ ಜಡೆಯನ್ನು ಅಡಗಿಸುವುದು, ಮೈಶೋಧನೆಗೆ ಒಳಪಡುವುದು ಅವರ ನಿತ್ಯವಿಧಿಯಾಯಿತು. ೧೯೧೮ರ ಜುಲೈ ೧ರಂದು ಚಿಲ್‌ವೆಲ್ಲಿನ ಗುಂಡು ತುಂಬುವ ಕಾರ್ಖಾನೆಯು ಸಿಡಿದು ೧೩೪ ಮಂದಿ ಸತ್ತರು. ಅವರಲ್ಲಿ ಗುರುತು ಸಿಕ್ಕಿದುದು ೩೨ ಮಂದಿಯದು ಮಾತ್ರ. ಕಾರಣವು ನಿಶ್ಚಯವಾಗಿ ಗೊತ್ತಾಗಲಿಲ್ಲ. ಮದ್ದಿನ ಅನಾಹುತಗಳ ಸ್ವಭಾವವೇ ಇದು: ಸಾಕ್ಷಿಯೂ ಸಾಕ್ಷ್ಯವೂ ಒಟ್ಟಿಗೆ ನಾಶವಾಗುತ್ತವೆ.

ಈ ಕಾಲದಲ್ಲಿ ಒಂದು ವಿಪರ್ಯಾಸವೂ ಕಂಡುಬಂದಿತು. ಮರಳು, ಮೊಳೆಗಳ ಭಯದಿಂದ ಮೆತ್ತನೆಯ ರಬ್ಬರಿನ ಮೆಟ್ಟನ್ನು ಉಪಯೋಗಿಸಿದರೆ, ಹಳೆಯ ಶತ್ರುವಿಗೆ ಬಾಗಿಲು ಮುಚ್ಚುವುದು ನಿಜ. ಆದರೆ ರಬ್ಬರು ಅವಾಹಕವಾದುದರಿಂದ ಹೊಸ ಶತ್ರುವಿಗೆ ಅದೇ ಬಾಗಿಲು ತೆರೆಯುತ್ತದೆ. ಒಂದು ಅಪಾಯಕ್ಕೆ ಮದ್ದಾದುದು ಇನ್ನೊಂದಕ್ಕೆ ಬೀಜವಾಯಿತು. ರಬ್ಬರಿಗೆ ನುಣುಪಾದ ಇಂಗಾಲದ ಮಸಿಯನ್ನು ಬೆರಸಿ ಅದನ್ನು ವಾಹಕವಾಗಿ ಮಾಡುವ ವಿದ್ಯೆಯು ಬಂದ ಮೇಲೆ ಈ ತೊಡಕು ಬಿಟ್ಟಿತು. ವಾಹಕವಾದ ನೆಲ, ವಾಹಕವಾದ ಮೆಟ್ಟು, ಇವೆರಡರ ಮೂಲಕ ಕೆಲಸಗಾರನ ಮೈಗೂ ಭೂಮಿಗೂ ಸಂಬಂಧವೇರ್ಪಟ್ಟಿತು.

ಇದೇ ಭಯವು ಆಸ್ಪತ್ರೆಗಳನ್ನೂ ಹೊಕ್ಕಿದ್ದಿತು. ಶಸ್ತ್ರಚಿಕಿತ್ಸೆಗೆ ಕೊಡುತ್ತಿದ್ದ ಈಥರು ಹೊತ್ತಿಕೊಳ್ಳುವ ವಸ್ತು. ೧೯೩೪ರಲ್ಲಿ ಅಮೆರಿಕದ ರಾಲ್ಫ್ ವಾಟರ್ಸ್ ಮತ್ತು ಅವನ ಜೊತೆಗಾರನು ಗುಣವರ್ಣನೆ ಮಾಡಿದ ಸೈಕ್ಲೊಪ್ರೊಪೇನ್ ರೋಗಿಗೆ ಹಿತವಾದುದಾದರೂ ಆಮ್ಲಜನಕದೊಡನೆ ಬೆರೆತರೆ ಸಿಡಿಯತಕ್ಕುದು. ಉಣ್ಣೆಯ ಹೊದಿಕೆಯೊಂದನ್ನು ಸರಕ್ಕನೆ ಎಳೆದರೆ ಮೇಜಿನ ಮೇಲೆ ಮಲಗಿದವನ ಶ್ವಾಸಕೋಶದೊಳಗೇ ಸಿಡಿತವುಂಟಾಗುವ ಸಂಭವವಿದ್ದಿತು. ಆದುದರಿಂದ ಶಸ್ತ್ರವೈದ್ಯನಿಗೂ ದಾದಿಗೂ ಮದ್ದಿನ ಕಾರ್ಖಾನೆಯ ಕೆಲಸಗಾರನ ವಿಧಿಗಳೇ ಬಂದುವು: ಹತ್ತಿಯ ಬಟ್ಟೆ, ವಾಹಕವಾದ ಮೆಟ್ಟು, ವಾಹಕವಾದ ನೆಲ, ತೇವವಾದ ಹವೆ. ೧೯೫೬ರಲ್ಲಿ ಹೊತ್ತಿಕೊಳ್ಳದ ಹ್ಯಾಲೊಥೇನು ಬಳಕೆಗೆ ಬಂದ ಮೇಲೆ ಈ ಎಚ್ಚರಿಕೆಗಳು ಕ್ರಮೇಣ ಸಡಿಲವಾದುವು.

ಬಟ್ಟೆಯ ಪ್ರಶ್ನೆಯು ತೀವ್ರವಾದುದು ಕೃತಕವಾದ ನೂಲುಗಳಿಂದ. ಹತ್ತಿಯು ಸಾಧಾರಣ ಹವೆಯಲ್ಲಿ ತನ್ನ ತೂಕದ ನೂರಕ್ಕೆ ಎಂಟರಷ್ಟು ತೇವವನ್ನು ಹೀರಿಕೊಂಡಿರುತ್ತದೆ. ಆ ತೇವದ ಮೂಲಕ ವಿದ್ಯುತ್ತು ಮೆಲ್ಲಮೆಲ್ಲಗೆ ಜಾರಿಹೋಗುತ್ತದೆ. ೧೯೪೦ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ನೈಲಾನು ನೂರಕ್ಕೆ ನಾಲ್ಕರಷ್ಟನ್ನೂ, ೧೯೪೧ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ನರು ಕಂಡುಹಿಡಿದ ಪಾಲಿಯೆಸ್ಟರು ನೂರಕ್ಕೆ ಅರ್ಧಕ್ಕಿಂತಲೂ ಕಡಮೆಯನ್ನೂ ಹೀರುತ್ತವೆ. ಅಗ್ಗ, ಗಟ್ಟಿ, ಒಗೆಯಲು ಹಗುರವೆಂದು ಇವು ಎಲ್ಲೆಡೆಯಲ್ಲಿಯೂ ಹರಡಿದುವು. ಸಿಮ್ಮರನು ರಾತ್ರಿ ಕಂಡ ವಿನೋದವು ಈಗ ಲಕ್ಷಾಂತರ ಕೆಲಸಗಾರರ ಮೈಮೇಲೆ ಹಗಲೆಲ್ಲ ನಡೆಯತೊಡಗಿತು. ಹತ್ತಿಯೇ ಸಾಕೆಂದು ಕೂತಿರುವುದಕ್ಕೂ ಆಗದು. ಹವೆಯು ಬಹಳ ಒಣಗಿದಾಗ ಹತ್ತಿಯೂ ತೇವವನ್ನು ಕಳೆದುಕೊಂಡು ಅವಾಹಕವಾಗುತ್ತದೆ.

ಆದುದರಿಂದ ಬಟ್ಟೆಯಲ್ಲಿಯೇ ವಾಹಕವನ್ನು ನೆಯ್ಯುವ ಪ್ರಯತ್ನವು ನಡೆಯಿತು. ತಲೆಗೂದಲಿಗಿಂತ ಸಣ್ಣನೆಯ ಉಕ್ಕಿನ ಎಳೆಗಳನ್ನೋ, ಇಂಗಾಲವನ್ನು ಒಳಗೊಂಡ ನೂಲಿನ ಎಳೆಗಳನ್ನೋ ಹಾಸುಹೊಕ್ಕುಗಳಲ್ಲಿ ಅಲ್ಲಲ್ಲಿ ಸೇರಿಸಿ ನೆಯ್ದ ಬಟ್ಟೆಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದುವು. ೧೯೯೫ರಿಂದ ಯೂರೋಪಿನಲ್ಲಿ ಇವುಗಳನ್ನು ಪರೀಕ್ಷಿಸುವ ಮಾನಕಗಳು ಹೊರಟುವು. ವಾಹಕವಾದ ಎಳೆಗಳ ನಡುವಣ ಅಂತರವು ೧೦ ಮಿಲಿಮೀಟರುಗಳನ್ನು ಮೀರಕೂಡದೆಂಬುದು ಅವುಗಳಲ್ಲಿನ ಒಂದು ನಿಯಮ.

ಈ ಎಳೆಗಳು ಕೆಲಸಮಾಡುವ ಬಗೆಯಲ್ಲಿಯೇ ಪರ್‌ಫ್ಲೀಟಿನ ಮೊನೆಯು ಮತ್ತೆ ಕಾಣಿಸಿಕೊಳ್ಳುತ್ತದೆ. ಅತಿಸೂಕ್ಷ್ಮವಾದ ಎಳೆಯ ಬಳಿಯಲ್ಲಿ ವಿದ್ಯುದ್ಬಲವು ಸಾಂದ್ರವಾಗಿ, ಸುತ್ತಣ ಗಾಳಿಯು ಕೊಂಚಮಟ್ಟಿಗೆ ವಾಹಕವಾಗುತ್ತದೆ. ಆಗ ಬಟ್ಟೆಯ ಮೇಲಣ ವಿದ್ಯುತ್ತು ಕಿಡಿಯಾಗಿ ಹಾರದೆ ಸದ್ದಿಲ್ಲದೆ ಸೋರಿಹೋಗುತ್ತದೆ. ಮಿಕ್ಕುದು ಎಳೆಗಳ ಮೂಲಕ ಮೈಗೂ, ಮೈಯಿಂದ ಮೆಟ್ಟಿಗೂ, ಮೆಟ್ಟಿನಿಂದ ಭೂಮಿಗೂ ಇಳಿಯುತ್ತದೆ. ಮೊನೆಯು ಮೋಡವನ್ನು ಮೆಲ್ಲಗೆ ಬರಿದುಮಾಡುವುದೆಂದು ಫ್ರ್ಯಾಂಕ್ಲಿನ್ನನು ಎಣಿಸಿದ್ದುದು ಮೋಡದ ವಿಷಯದಲ್ಲಿ ಸರಿಯಾಗಲಿಲ್ಲ. ಸಲಾಕೆಯು ಬಿದ್ದ ಸಿಡಿಲಿಗೆ ದಾರಿಮಾಡಿಕೊಟ್ಟು ಮನೆಯನ್ನು ಕಾಯುತ್ತದೆಯೇ ಹೊರತು ಮೋಡವನ್ನು ಬರಿದುಮಾಡುವುದಿಲ್ಲ. ಆಕಾಶದಲ್ಲಿ ಫಲಿಸದ ಆ ಊಹೆಯು ಎರಡು ಶತಮಾನಗಳ ತರುವಾಯ ಕೂಲಿಕಾರನ ಅಂಗಿಯಲ್ಲಿ ಫಲಿಸಿತು.

ಅಂಗಿಯೊಂದರಿಂದಲೇ ಎಲ್ಲವೂ ಆಗುವುದಿಲ್ಲ. ವಾಹಕವಾದ ಅಂಗಿಯನ್ನು ತೊಟ್ಟು ಅವಾಹಕವಾದ ಮೆಟ್ಟನ್ನು ಮೆಟ್ಟಿದರೆ ಎಳೆಗಳೇ ವಿದ್ಯುತ್ತನ್ನು ತುಂಬಿಕೊಂಡು ಕಿಡಿಯನ್ನು ಕೊಡಬಲ್ಲುವು. ಮೇಲಂಗಿಯು ಒಳಬಟ್ಟೆಯನ್ನು ಪೂರ್ತಿಯಾಗಿ ಮುಚ್ಚಿರಬೇಕು. ಅಪಾಯದ ಸ್ಥಳದಲ್ಲಿ ಅದನ್ನು ಬಿಚ್ಚಲೂ ಕೂಡದು, ಕಳಚಲೂ ಕೂಡದು. ಏಕೆಂದರೆ ಬೇರೆಯಾಗುವ ಕ್ಷಣವೇ ವಿದ್ಯುತ್ತು ತಲೆಯೆತ್ತುವ ಕ್ಷಣ. ಬಟ್ಟೆ, ಮೈ, ಮೆಟ್ಟು, ನೆಲ ಈ ನಾಲ್ಕೂ ಒಂದೇ ಸರಪಣಿಯ ಕೊಂಡಿಗಳು. ಒಂದು ಕಳಚಿದರೂ ಉಳಿದ ಮೂರು ವ್ಯರ್ಥ.

ಈ ಇತಿಹಾಸವನ್ನು ಒಟ್ಟಿನಲ್ಲಿ ನೋಡಿದರೆ ಬಟ್ಟೆಯಷ್ಟೇ ಬದಲಾದುದಲ್ಲವೆಂದು ತೋರುತ್ತದೆ. ಹಳೆಯ ಕಟ್ಟಳೆಯು ಕೆಲಸಗಾರನನ್ನು ಸಂಶಯದಿಂದ ನೋಡಿತು. ಅವನು ಬೆಂಕಿಕಡ್ಡಿಯನ್ನು ತರುವನೆಂದು ಅವನ ಜೇಬನ್ನು ಕತ್ತರಿಸಿತು, ಮೈಯನ್ನು ತಡವಿತು. ಆ ಸಂಶಯವು ಆಧಾರವಿಲ್ಲದುದೆಂದು ಹೇಳಲಾಗದು. ಅದರಿಂದ ಅನೇಕ ಜೀವಗಳುಳಿದಿರಬೇಕು. ಆದರೆ ಜೇಬಿಲ್ಲದೆ, ಮೊಳೆಯಿಲ್ಲದೆ, ಎಲ್ಲ ವಿಧಿಗಳನ್ನೂ ನಡೆಸಿದವನ ಕೈಯಲ್ಲಿಯೂ ಮದ್ದು ಸಿಡಿದಾಗ ತಪ್ಪನ್ನು ಹೊರಿಸುವುದಕ್ಕೆ ಸತ್ತವನಿಗಿಂತ ಸುಲಭವಾದವನು ಮತ್ತೊಬ್ಬನಿರಲಿಲ್ಲ. ನಡೆಯುವುದು, ಕುರ್ಚಿಯಿಂದ ಏಳುವುದು, ಅಂಗಿಯನ್ನು ಕಳಚುವುದು ಇವುಗಳಿಂದಲೇ ಕಿಡಿ ಹುಟ್ಟಬಲ್ಲುದೆಂದು ಶಾಸ್ತ್ರವು ತೋರಿಸಿದ ಮೇಲೆ, ಹೊಣೆಯು ನಡೆದವನಿಂದ ನೆಲವನ್ನು ಹಾಸಿದವನಿಗೆ, ಉಟ್ಟವನಿಂದ ಉಡುಪನ್ನು ಒದಗಿಸಿದವನಿಗೆ ಸಂದಿತು. ಎಚ್ಚರದಿಂದಿರುವುದು ಕೆಲಸಗಾರನ ಧರ್ಮ. ಆದರೆ ಮೈಗೇ ತಿಳಿಯದ ಕಿಡಿಯ ವಿಷಯದಲ್ಲಿ 'ಎಚ್ಚರದಿಂದಿರು' ಎಂಬ ಮಾತು ಬರಿಯ ಮಾತಾಗುತ್ತದೆ. ಆ ಎಚ್ಚರವನ್ನು ಅವನ ಪರವಾಗಿ ಬಟ್ಟೆಯ ಎಳೆಯಲ್ಲಿ ನೆಯ್ದು ಕೊಡಬೇಕು. ಹೊರಗಿನಿಂದ ನೋಡಿದರೆ ಆ ಅಂಗಿಗೂ ಬೇರೆಯ ಅಂಗಿಗೂ ಭೇದವು ಹೆಚ್ಚಾಗಿ ತೋರದು. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಅಲ್ಲೊಂದು ಇಲ್ಲೊಂದು ಕರಿಯ ಗೆರೆ ಕಾಣುತ್ತದೆ. ಸಂಜೆ ಕೆಲಸ ಮುಗಿಸಿ ಮನೆಗೆ ಬರುವವನ ಬರವು ಆ ಗೆರೆಯನ್ನು ಅವಲಂಬಿಸಿರುವುದುಂಟು.